ನಾಲ್ಕು ತಟ್ಟೆಗಳ ಕುಲಾಂತರಿ ಪಾಠ: ಬಾಸ್ಟನ್ ಕಡೆಯ ಶಾಲಾ ಲ್ಯಾಬಿನಿಂದ

ಊರಿನಲ್ಲಿ 'ಕುಲಾಂತರಿ' ಎಂದೊಡನೆ ನೆನಪಾಗುವುದು ಬಿಟಿ ಹತ್ತಿ, ಬಿಟಿ ಬದನೆ, 1998ರಲ್ಲಿ ಸಿಂಧನೂರಿನ ಕಡೆ ರೈತಸಂಘದವರು ಸುಟ್ಟ ಪ್ರಯೋಗದ ಹೊಲ. ಇಲ್ಲಿ, ಅಮೆರಿಕದ ಬಾಸ್ಟನ್ ಸುತ್ತಮುತ್ತ ಎಪಿ ಬಯಾಲಜಿ (ಶಾಲೆಯಲ್ಲೇ ಕಲಿಸುವ ಕಾಲೇಜು ಮಟ್ಟದ ಜೀವಶಾಸ್ತ್ರ) ತೆಗೆದುಕೊಂಡ ಹೈಸ್ಕೂಲ್ ಹುಡುಗಿಯನ್ನು ಕೇಳಿದರೆ ಅವಳು ನಾಲ್ಕು ಪೆಟ್ರಿ ತಟ್ಟೆಗಳ ಮಾತಾಡುತ್ತಾಳೆ. ಬ್ಯಾಕ್ಟೀರಿಯಾಕ್ಕೆ ಹೊರಗಿನ ಜೀನ್ ಸೇರಿಸುವುದು ಎಪಿ ನಡೆಸುವ ಕಾಲೇಜ್ ಬೋರ್ಡಿನ ಲ್ಯಾಬ್ ಕೈಪಿಡಿಯಲ್ಲಿ ಎಂಟನೆಯ ಪ್ರಯೋಗ. ಮಾಡಿದವರೆಲ್ಲ ಕುಲಾಂತರಿಯ ಪರವಾಗಿಬಿಡುತ್ತಾರೆ ಎಂದೇನೂ ಇಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಯಾರು ಏನೇ ಹೇಳಲಿ, 'ಇದಕ್ಕೆ ಕಂಟ್ರೋಲ್ (ಹೋಲಿಸಿ ನೋಡಲು ಇಟ್ಟ ಮಾದರಿ) ಯಾವುದು?' ಎಂದು ಕೇಳುವ ಚಾಳಿ ಹತ್ತುತ್ತದೆ.

ಈ ಊರಿಗೆ ಇದು ಸುಮ್ಮನೆ ಬಂದದ್ದಲ್ಲ. 1976ರಲ್ಲಿ ಹಾರ್ವರ್ಡ್‌ನವರು ಡಿಎನ್ಎ ಜೋಡಿಸುವ ಲ್ಯಾಬ್ ಕಟ್ಟಲು ಹೊರಟಾಗ ಬಾಸ್ಟನ್ ಪಕ್ಕದ ಊರಾದ ಕೇಂಬ್ರಿಜ್‌ನ ಮೇಯರ್ ಆಲ್ಫ್ರೆಡ್ ವೆಲ್ಲೂಚಿ ಬಹಿರಂಗ ವಿಚಾರಣೆ ಕರೆದರು, ನಗರಸಭೆ ಕೆಲಸಕ್ಕೆ ತಾತ್ಕಾಲಿಕ ತಡೆ ಹಾಕಿತು. ಆಮೇಲೆ ನರ್ಸ್, ಎಂಜಿನಿಯರ್ ಮುಂತಾದ ಊರಿನವರದೇ ಒಂದು ಸಮಿತಿ ತಿಂಗಳುಗಟ್ಟಲೆ ಕೂತು ವಿಷಯ ಕಲಿತು, ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು. 1977ರ ಫೆಬ್ರವರಿಯಲ್ಲಿ ಅದು ನಗರದ ಕಾನೂನಾಯಿತು. 2010ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ನಡೆಸಿದ ಬಿಟಿ ಬದನೆ ಸಭೆಯಲ್ಲಿ ಪರ, ವಿರೋಧ ಎರಡೂ ಕಡೆಯವರಿಗೆ ಮೈಕ್ ಸಿಕ್ಕಿತ್ತು. ಕೂತು ಕಲಿಯಲು ಸಮಯ ಮಾತ್ರ ಯಾರಿಗೂ ಸಿಗಲಿಲ್ಲ.

ಈಗ ಪ್ರಯೋಗಕ್ಕೆ ಬರೋಣ. ಹೆಚ್ಚಿನ ಶಾಲೆಗಳು ಬಳಸುವುದು ಬಯೋ-ರ್‍ಯಾಡ್ ಕಂಪನಿಯ ಪಿಗ್ಲೋ ಕಿಟ್. ಪಿಗ್ಲೋ ಅಂದರೆ 5,371 ಅಕ್ಷರಗಳ ಒಂದು ಡಿಎನ್ಎ ಉಂಗುರ, ಅಂದರೆ ಪ್ಲಾಸ್ಮಿಡ್. ಅದರಲ್ಲಿ ಮುಖ್ಯವಾಗಿ ಮೂರು ಜೀನ್‌ಗಳು: ಜೆಲ್ಲಿಫಿಶ್‌ನಿಂದ ಬಂದ ಜಿಎಫ್‌ಪಿ ಎಂಬ ಹಸಿರು ಹೊಳೆಯುವ ಪ್ರೋಟೀನಿನದು, ಆಂಪಿಸಿಲಿನ್ ಔಷಧವನ್ನು ಒಡೆಯುವ ಕಿಣ್ವದ್ದು, ಅರಾಬಿನೋಸ್ ಎಂಬ ಸಕ್ಕರೆ ಸಿಕ್ಕಾಗಷ್ಟೇ ಜಿಎಫ್‌ಪಿಯನ್ನು ಚಾಲೂ ಮಾಡುವ ಸ್ವಿಚ್ಚಿನದು. ಬ್ಯಾಕ್ಟೀರಿಯಾ ಇ.ಕೊಲೈನ ಕೆ-12 ಬಗೆಯದು. ದಶಕಗಳಿಂದ ಲ್ಯಾಬಿನಲ್ಲೇ ಬೆಳೆದು ಮನುಷ್ಯನ ಕರುಳಿನಲ್ಲಿ ನೆಲೆಯೂರುವ ಶಕ್ತಿ ಕಳೆದುಕೊಂಡಿರುವಂಥದ್ದು.

ತಟ್ಟೆಗಳನ್ನು ಎರಡು ಮೂರು ದಿನ ಮೊದಲೇ ಎರೆದಿಟ್ಟುಕೊಳ್ಳಬೇಕು. ಎಡವಟ್ಟಾಗುವ ಮೊದಲ ಜಾಗ ಇದೇ. ಕುದಿಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) 50 ಡಿಗ್ರಿಗೆ ಇಳಿಯುವ ಮೊದಲೇ ಆಂಪಿಸಿಲಿನ್ ಹಾಕಿದರೆ ಔಷಧ ಸತ್ತುಹೋಗುತ್ತದೆ, ಮಾರನೆಯ ದಿನ ಎಲ್ಲ ತಟ್ಟೆಯಲ್ಲೂ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದಿರುತ್ತದೆ. ತೀರಾ ತಣಿಯಲು ಬಿಟ್ಟರೆ ಫ್ಲಾಸ್ಕಿನಲ್ಲೇ ಗಡ್ಡೆ ಕಟ್ಟುತ್ತದೆ. ಬ್ಯಾಕ್ಟೀರಿಯಾದ ಮೂಲ ತಟ್ಟೆ ಮಾತ್ರ ಹಿಂದಿನ ದಿನದ್ದಾಗಿರಬೇಕು, ಹಳಸಿದ ಕಾಲನಿಗಳು (ಚುಕ್ಕೆಯಂತೆ ಕಾಣುವ ಬ್ಯಾಕ್ಟೀರಿಯಾ ಗುಂಪುಗಳು) ಡಿಎನ್ಎ ಸರಿಯಾಗಿ ತೆಗೆದುಕೊಳ್ಳುವುದಿಲ್ಲ.

ಎರಡು ಪುಟ್ಟ ಟ್ಯೂಬುಗಳ ಮೇಲೆ '+', '−' ಎಂದು ಬರೆದು, ತಲಾ 250 ಮೈಕ್ರೋಲೀಟರ್ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಹಾಕಿ ಐಸ್‌ನಲ್ಲಿ ಇಡುತ್ತಾರೆ. ಎರಡಕ್ಕೂ ಒಂದೊಂದು ಬ್ಯಾಕ್ಟೀರಿಯಾ ಕಾಲನಿ ಕದಡುತ್ತಾರೆ, ಮುದ್ದೆ ಉಳಿಯಬಾರದು. '+' ಟ್ಯೂಬಿಗೆ ಮಾತ್ರ ಪ್ಲಾಸ್ಮಿಡ್, ತುದಿಯಲ್ಲಿ ಪುಟ್ಟ ಬಳೆಯಿರುವ ಪ್ಲಾಸ್ಟಿಕ್ ಕಡ್ಡಿಯಲ್ಲಿ, ಅಂದರೆ ಲೂಪಿನಲ್ಲಿ, 10 ಮೈಕ್ರೋಲೀಟರ್. ಮಕ್ಕಳು ಗುಳ್ಳೆ ಊದುವ ಸೋಪಿನ ಬಳೆಯಲ್ಲಿ ಕಾಣುವಂಥ ತೆಳು ಪರದೆ ಲೂಪಿನಲ್ಲಿ ಕಾಣಬೇಕು. ಕಾಣದಿದ್ದರೆ ಪ್ಲಾಸ್ಮಿಡ್ ಬಂದೇ ಇಲ್ಲ, ಮುಂದಿನದೆಲ್ಲ ದಂಡ. 'ಏನೂ ಬೆಳೆಯಲಿಲ್ಲ ಮಿಸ್' ಎಂಬ ದೂರಿನ ಹಿಂದೆ ಇರುವುದು ಸಾಮಾನ್ಯವಾಗಿ ಇದೇ.

10 ನಿಮಿಷ ಐಸ್. ಆಮೇಲೆ ಟ್ಯೂಬುಗಳನ್ನು 42 ಡಿಗ್ರಿ ನೀರಿಗೆ, ಸರಿಯಾಗಿ 50 ಸೆಕೆಂಡು. ಮರಳಿ ಐಸ್‌ಗೆ, 2 ನಿಮಿಷ. ಈ ಥಟ್ಟನೆಯ ತಾಪ ಬದಲಾವಣೆಯೇ ಡಿಎನ್ಎ ಒಳನುಗ್ಗಲು ದಾರಿ ಮಾಡುವುದು, ಹಾಗಾಗಿ ಐಸ್ ಡಬ್ಬವನ್ನು ನೀರಿನ ಪಕ್ಕಕ್ಕೇ ತಂದಿಟ್ಟುಕೊಳ್ಳಬೇಕು. ಟ್ಯೂಬ್ ಹಿಡಿದು ಲ್ಯಾಬಿನ ಆ ತುದಿಯಿಂದ ಈ ತುದಿಗೆ ನಡೆದರೆ ಕೆಟ್ಟಿತು. ಟ್ಯೂಬಿನ ತಳ ನೀರಿಗೆ ತಾಕುವಂತೆ ಸ್ಟ್ಯಾಂಡಿನಲ್ಲಿ ಪೂರ್ತಿ ಒತ್ತಿರಬೇಕು. ವಾಟರ್ ಬಾತಿನ ಡಿಸ್‌ಪ್ಲೇ ನಂಬಬೇಡಿ, ಬೇರೆ ಥರ್ಮಾಮೀಟರ್ ಇಳಿಬಿಟ್ಟು ನೋಡಿ. ನಂತರ 250 ಮೈಕ್ರೋಲೀಟರ್ ಪೋಷಕ ದ್ರವ ಹಾಕಿ 10 ನಿಮಿಷ ಹೊರಗೆ ಇಡುತ್ತಾರೆ. ಆಂಪಿಸಿಲಿನ್ ಒಡೆಯುವ ಕಿಣ್ವ ತಯಾರಾಗಲು ಬ್ಯಾಕ್ಟೀರಿಯಾಕ್ಕೆ ಅಷ್ಟಾದರೂ ಬಿಡುವು ಬೇಕು. ಕೊನೆಗೆ ಪ್ರತಿ ತಟ್ಟೆಗೆ 100 ಮೈಕ್ರೋಲೀಟರ್ ಸವರಿ, ಹಬೆಯ ಹನಿ ಕಾಲನಿಗಳ ಮೇಲೆ ಬೀಳದಂತೆ ತಲೆಕೆಳಗಾಗಿ ಇಟ್ಟು, 37 ಡಿಗ್ರಿಯಲ್ಲಿ ಒಂದು ದಿನ.

'−' ಟ್ಯೂಬಿನದನ್ನು ಬರೀ ಅಗರ್ ತಟ್ಟೆಗೆ ಹಾಕಿದರೆ ತಟ್ಟೆ ತುಂಬಾ ಬೆಳೆಯುತ್ತದೆ: ಬ್ಯಾಕ್ಟೀರಿಯಾ ಬದುಕಿದೆ ಎಂದಾಯಿತು. ಅದನ್ನೇ ಆಂಪಿಸಿಲಿನ್ ತಟ್ಟೆಗೆ ಹಾಕಿದರೆ ಏನೂ ಬೆಳೆಯುವುದಿಲ್ಲ: ಔಷಧ ಕೆಲಸ ಮಾಡುತ್ತಿದೆ. '+' ಟ್ಯೂಬಿನದನ್ನು ಆಂಪಿಸಿಲಿನ್ ತಟ್ಟೆಗೆ ಹಾಕಿದರೆ ಬಿಡಿಬಿಡಿಯಾಗಿ ಬಿಳಿ ಕಾಲನಿಗಳು. ಆಂಪಿಸಿಲಿನ್ ಜೊತೆ ಅರಾಬಿನೋಸ್ ಇರುವ ತಟ್ಟೆಗೆ ಹಾಕಿದರೆ ಅಷ್ಟೇ ಕಾಲನಿಗಳು, ಆದರೆ ಯುವಿ ದೀಪ ಹಿಡಿದಾಗ ಹಸಿರು.

ಎಲ್ಲರೂ ಫೋನಿನಲ್ಲಿ ಫೋಟೋ ತೆಗೆಯುವುದು ಹಸಿರು ತಟ್ಟೆಯದು. ಪಾಠ ಇರುವುದು ಬಿಳಿ ತಟ್ಟೆಯಲ್ಲಿ. ಅಲ್ಲಿಯೂ ಜಿಎಫ್‌ಪಿ ಜೀನ್ ಇದೆ, ಆದರೆ ಸಕ್ಕರೆ ಇಲ್ಲದ್ದರಿಂದ ಸ್ವಿಚ್ ಬಿದ್ದಿಲ್ಲ. ಆ ಬಿಳಿ ಕಾಲನಿಯನ್ನೇ ಅರಾಬಿನೋಸ್ ತಟ್ಟೆಗೆ ಗೀರಿದರೆ ಹಸಿರಾಗುತ್ತದೆ. ಒಳ್ಳೆಯ ಮೇಷ್ಟ್ರು ಇನ್ನೊಂದನ್ನೂ ಮಾಡಿಸುತ್ತಾರೆ: ಶುರುವಿನಲ್ಲೇ ಪ್ಲಾಸ್ಮಿಡ್ ಸೀಸೆಗೆ ಯುವಿ ಹಿಡಿದು, ಹೊಳೆಯುತ್ತದೆಯೇ ಎಂದು ಕೇಳುತ್ತಾರೆ. ಹೊಳೆಯುವುದಿಲ್ಲ, ಏಕೆಂದರೆ ಹೊಳೆಯುವುದು ಪ್ರೋಟೀನು, ಡಿಎನ್ಎ ಅಲ್ಲ. 'ಕುಲಾಂತರಿ ತಿಂದರೆ ಆ ಜೀನ್ ನಮ್ಮೊಳಗೆ ಕೆಲಸ ಶುರುಮಾಡುತ್ತದಲ್ಲ' ಎಂಬ ವಾಟ್ಸ್ಆ್ಯಪ್ ಸಂದೇಶಕ್ಕೆ ಈ ಎರಡು ತಟ್ಟೆಗಳು ಪೂರ್ತಿ ಉತ್ತರವಲ್ಲ, ಆದರೆ ಜೀನ್ ಇದ್ದಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ ಎಂಬುದನ್ನಂತೂ ಚೊಕ್ಕವಾಗಿ ತೋರಿಸುತ್ತವೆ.

ಲೆಕ್ಕವನ್ನೂ ಬಿಡಬಾರದು. ಪ್ಲಾಸ್ಮಿಡ್ ದ್ರಾವಣದ ಸಾಂದ್ರತೆ ಮೈಕ್ರೋಲೀಟರಿಗೆ 0.08 ಮೈಕ್ರೋಗ್ರಾಂ, 10 ಮೈಕ್ರೋಲೀಟರಿಗೆ 0.8. ಟ್ಯೂಬಿನಲ್ಲಿದ್ದ ಒಟ್ಟು 510 ಮೈಕ್ರೋಲೀಟರಿನಲ್ಲಿ ತಟ್ಟೆಗೆ ಹೋದದ್ದು 100, ಅಂದರೆ ಸುಮಾರು 0.16 ಮೈಕ್ರೋಗ್ರಾಂ ಡಿಎನ್ಎ. 200 ಕಾಲನಿ ಎಣಿಸಿದರೆ ಮೈಕ್ರೋಗ್ರಾಂಗೆ ಸುಮಾರು 1,300. ಕೋಟಿಗಟ್ಟಲೆ ಬ್ಯಾಕ್ಟೀರಿಯಾದಲ್ಲಿ ಜೀನ್ ಹಿಡಿದುಕೊಂಡದ್ದು ಕೆಲವೇ ನೂರು ಎಂದಾಗ, ಆರಿಸಿಕೊಳ್ಳಲು ಆಂಪಿಸಿಲಿನ್ ಯಾಕೆ ಬೇಕಿತ್ತು ಎಂಬುದು ತಾನೇ ಹೊಳೆಯುತ್ತದೆ. ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತೆ ಮಾಡುವ ಜೀನನ್ನು ಹೀಗೆ ಬಳಸುವುದು ಸರಿಯೇ ಎಂಬ ಪ್ರಶ್ನೆ ಆಗ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅದು ನ್ಯಾಯವಾದ ಪ್ರಶ್ನೆ, ತೇಲಿಸಿಬಿಡಬಾರದು.

ತಟ್ಟೆಗಳನ್ನು ಮೂರ್ನಾಲ್ಕು ದಿನ ಹೊರಗೆ ಮರೆತರೆ ದೊಡ್ಡ ಕಾಲನಿಯ ಸುತ್ತ ಸಾಸಿವೆಗಿಂತ ಸಣ್ಣವು ಏಳುತ್ತವೆ. ದೊಡ್ಡದು ಬಿಟ್ಟ ಕಿಣ್ವ ಸುತ್ತಲಿನ ಔಷಧವನ್ನು ತಿಂದುಹಾಕಿರುತ್ತದೆ, ಆ ನೆರಳಿನಲ್ಲಿ ಪ್ಲಾಸ್ಮಿಡ್ ಇಲ್ಲದವೂ ಬದುಕಿಕೊಳ್ಳುತ್ತವೆ. ಇವನ್ನು ಎಣಿಸಬೇಡಿ. ಪೆನಿಸಿಲಿನ್ ಅಲರ್ಜಿ ಇರುವ ಮಕ್ಕಳಿಗೆ ಆಂಪಿಸಿಲಿನ್ ಮುಟ್ಟಿಸಬೇಡಿ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಹತ್ತಕ್ಕೊಂದು ಪಾಲು ಬ್ಲೀಚ್ ಬೆರೆಸಿದ ನೀರಿನಲ್ಲಿ 20 ನಿಮಿಷ ನೆನೆಸಿಯೇ ಬಿಸಾಡುವುದು.

ಬಡ ಶಾಲೆಗಳಿಗೂ ಇದೆಲ್ಲ ಎಟುಕುತ್ತಿರುವುದು ಎರವಲಿನಿಂದ. ಆಮ್ಜೆನ್ ಬಯೋಟೆಕ್ ಎಕ್ಸ್‌ಪೀರಿಯೆನ್ಸ್ ಎಂಬ ಯೋಜನೆ ಮೇಷ್ಟ್ರಿಗೆ ತರಬೇತಿ ಕೊಟ್ಟು ಮೈಕ್ರೋಪಿಪೆಟ್‌ನಿಂದ ಹಿಡಿದು ಎಲ್ಲ ಸಲಕರಣೆಯನ್ನೂ ಪುಕ್ಕಟೆಯಾಗಿ ಕಳಿಸುತ್ತದೆ. ಔಷಧ ಕಂಪನಿಯ ಪ್ರತಿಷ್ಠಾನದ ದುಡ್ಡು ಎಂದು ಮೂಗು ಮುರಿಯುವವರಿದ್ದಾರೆ, ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಬಾಸ್ಟನ್ ವಿಶ್ವವಿದ್ಯಾಲಯದ ಸಿಟಿಲ್ಯಾಬ್ ಶಾಲೆಯ ಬಾಗಿಲಿಗೇ ಬಸ್ಸಿನಲ್ಲಿ ಲ್ಯಾಬ್ ತಂದಿದೆ. ಹಾಗೆಂದು ಪಾಶ್ಚಾತ್ಯ ದೇಶಗಳೆಲ್ಲ ಹೀಗೇ ಎಂದುಕೊಳ್ಳಬೇಡಿ. ಜರ್ಮನಿಯಲ್ಲಿ ಪರವಾನಗಿ ಇಲ್ಲದ ಜಾಗದಲ್ಲಿ ಇದೇ ಕೆಲಸ ಮಾಡಿದರೆ 50,000 ಯೂರೋವರೆಗೆ ದಂಡ ಬೀಳಬಹುದು.

ಭಾರತದಲ್ಲಿ 1989ರ ನಿಯಮಗಳಿವೆ, ಕುಲಾಂತರಿ ಬ್ಯಾಕ್ಟೀರಿಯಾ ತಯಾರಿಸುವುದಕ್ಕೆ ಸಂಸ್ಥೆಯಲ್ಲಿ ಜೈವಿಕ ಸುರಕ್ಷಾ ಸಮಿತಿ ಇರಬೇಕು. ಆದ್ದರಿಂದ ಪಿಗ್ಲೋ ಮಾಡುವುದಿದ್ದರೆ ಅಂಥ ಸಮಿತಿ ಇರುವ ಕಾಲೇಜಿನಲ್ಲೇ. ಆದರೆ ಹೊಸದೇನನ್ನೂ ಹುಟ್ಟಿಸದೆ, ಇರುವುದನ್ನು ಪತ್ತೆ ಮಾತ್ರ ಮಾಡುವ ಇನ್ನೊಂದು ಪ್ರಯೋಗವಿದೆ, ಬೇಕಾದ ಡಿಎನ್ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರವಿದ್ದರೆ ಸಾಕು. ಅಮೆರಿಕದಲ್ಲಿ ಅದನ್ನು ಮೆಕ್ಕೆಜೋಳದ ಚಿಪ್ಸ್, ಹವಾಯಿಯ ಪಪ್ಪಾಯಿ ತಂದು ಮಾಡುತ್ತಾರೆ. ನಮ್ಮಲ್ಲಿ ರಾಯಚೂರು, ಹಾವೇರಿ ಕಡೆಯ ಹತ್ತಿ ಎಲೆಯೇ ಆದೀತು: ಬಿಟಿ ಹತ್ತಿಯ ಒಂದು ಬಗೆಯಾದ ಬೋಲ್‌ಗಾರ್ಡ್ ಹತ್ತಿಯಲ್ಲಿ 35ಎಸ್ ಎಂಬ ಪ್ರಮೋಟರ್, ಅಂದರೆ ಜೀನನ್ನು ಚಾಲೂ ಮಾಡುವ ಡಿಎನ್ಎ ತುಣುಕು ಇದೆ, ಹುಡುಕುವುದು ಅದನ್ನೇ. ಸುಮಾರು 200 ಅಕ್ಷರದ ಗೆರೆ, ಡಿಎನ್ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಬಂದರೆ 35ಎಸ್ ಇದೆ ಎಂದು. ಜೊತೆಗೆ ಎಲ್ಲ ಗಿಡಗಳಲ್ಲೂ ಇರುವ ಕ್ಲೋರೋಪ್ಲಾಸ್ಟ್ ಜೀನಿನ 455ರ ಗೆರೆ ಬರಲೇಬೇಕು, ಬರದಿದ್ದರೆ ಆ ಮಾದರಿಯ ಫಲಿತಾಂಶಕ್ಕೆ ಬೆಲೆಯಿಲ್ಲ. ಕುಲಾಂತರಿ ಅಲ್ಲದ ಮಾದರಿಯನ್ನು ಮೊದಲು ಅರೆಯಿರಿ, ಒರಳಿನಲ್ಲಿ ಉಳಿದ ಚೂರೊಂದೇ ಸುಳ್ಳು ಗೆರೆ ತರಿಸಬಲ್ಲದು. 35ಎಸ್ ಮೂಲತಃ ಹೂಕೋಸಿನ ವೈರಸ್ಸಿನದು, ಹಾಗಾಗಿ ರೋಗ ಬಂದ ಕೋಸು ತಂದರೆ ಕುಲಾಂತರಿ ಅಲ್ಲದಿದ್ದರೂ ಗೆರೆ ಬರುತ್ತದೆ. ಸಂಸ್ಕರಿಸಿದ ಎಣ್ಣೆಯಲ್ಲಿ ಪತ್ತೆಯಾಗುವಷ್ಟು ಡಿಎನ್ಎ ಉಳಿದಿರುವುದಿಲ್ಲ, ಅದನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಹತ್ತಿಯ ಎಳೆಯ ಎಲೆಯನ್ನೇ ಬಳಸಿ. ಬಲಿತ ಎಲೆಯ ಒಗರು ಅಂಶಗಳು ಪಿಸಿಆರ್ ಕಿಣ್ವವನ್ನು ಕಟ್ಟಿಹಾಕುತ್ತವೆ, ಆಗ 455ರ ಗೆರೆಯೂ ಬರುವುದಿಲ್ಲ. ಹಾಗಾದರೆ ತೆಗೆದ ರಸವನ್ನು ಹತ್ತು ಪಟ್ಟು ನೀರಾಗಿಸಿ ಇನ್ನೊಮ್ಮೆ ಓಡಿಸಿ.