ಮನೆಯವರೆಲ್ಲ ಎಲ್ಲಿಗೆ ಹೋದ್ರು?

ನಾನು ಚಿತ್ರ ಬಿಡಿಸುವುದು ಖಾಲಿ ಕೋಣೆ, ಮೆಟ್ಟಿಲು, ಅರ್ಧ ತೆರೆದ ಬಾಗಿಲು, ಹಜಾರ ಇಂಥವನ್ನೇ. ಹಾಗಾಗಿ ನೋಡಿದವರೆಲ್ಲ ಕೇಳುವುದು ಒಂದೇ, "ಜನ ಯಾಕಿಲ್ಲ?" ಇಷ್ಟು ವರ್ಷ ನಗುನಗುತ್ತಾ ಏನೋ ಹೇಳಿ ಸಾಗಹಾಕಿದ್ದಾಯ್ತು. ಈಗ ಬರೆದೇ ಬಿಡುತ್ತೇನೆ. ಬೇಕಿಲ್ಲ, ಅದಕ್ಕೇ ಇಲ್ಲ. ಮರ ಬಿಡಿಸುವವರನ್ನು ಹಸು ಎಲ್ಲಿ ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಕೇಳುವ ರೀತಿಯೇ ಜಾಸ್ತಿ ಕಿರಿಕಿರಿ. ದನಿ ತಗ್ಗಿಸಿ, ಸಾವಿನ ಮನೆಗೆ ಬಂದವರ ಹಾಗೆ, "ನೀವು ಚೆನ್ನಾಗಿದ್ದೀರಿ ತಾನೆ?" ಒಮ್ಮೆ ಪ್ರದರ್ಶನದಲ್ಲಿ ಹಿರಿಯರೊಬ್ಬರು ನನ್ನ ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದರು. ನನಗೋ ಒಳಗೊಳಗೇ ಖುಷಿ. ಕೊನೆಗೆ ತಿರುಗಿ, "ಮನೆ ಚೆನ್ನಾಗಿದೆ, ಬಾಡಿಗೆಗೆ ಕೊಡೋದಾ?" ಅಂದರು. ಅವರ ಮೇಲೆ ಸಿಟ್ಟಿಲ್ಲ. ಅವರು ಕೋಣೆಯನ್ನಾದರೂ ನೋಡಿದರು.

ಒಂಟಿತನದ ಕಥೆ ಕಟ್ಟುವವರಿಗೆ ಒಂದು ಮಾತು. ಡೆನ್ಮಾರ್ಕಿನ ಚಿತ್ರಕಾರ ವಿಲ್ಹೆಲ್ಮ್ ಹ್ಯಾಮರ್ಶೋಯ್ 1898ರಿಂದ 1909ರವರೆಗೆ ಕೋಪನ್‌ಹೇಗನ್ನಿನ ಒಂದೇ ಮನೆಯಲ್ಲಿದ್ದುಕೊಂಡು ಅದರ ಕೋಣೆಗಳನ್ನೇ ಮತ್ತೆ ಮತ್ತೆ ಬಿಡಿಸಿದ. 1900ರ ಒಂದು ಚಿತ್ರದಲ್ಲಿ ಇರುವುದು ಮುಚ್ಚಿದ ಬಾಗಿಲು, ಕಿಟಕಿ, ಬಿಸಿಲುಕೋಲಲ್ಲಿ ಧೂಳು. ಅಷ್ಟೇ. ಹೆಂಡತಿ ಈಡಾ ಮನೆಯಲ್ಲೇ ಇದ್ದಳು, ಎಷ್ಟೋ ಚಿತ್ರಗಳಿಗೆ ಅವಳೇ ನಿಂತಿದ್ದಾಳೆ. ಇದರಲ್ಲಿ ಬೇಕಾಗಲಿಲ್ಲ.

ಸುಮ್ನೆ ಒಬ್ಬರಾದರೂ "ಆ ಮೂಲೆ ಹೇಗೆ ಬಂತು?" ಅಂತ ಕೇಳಬಾರದಾ!

ಎರಡು ಗೋಡೆ, ಎರಡಕ್ಕೂ ಒಂದೇ ಬಿಳಿ. ಒಂದು ಕಿಟಕಿಗೆ ಎದುರು, ಇನ್ನೊಂದು ಪಕ್ಕಕ್ಕೆ. ಅವು ಸೇರುವಲ್ಲಿ ಗೆರೆ ಅನ್ನುವುದೇ ಇಲ್ಲ, ಬೇಕಾದರೆ ಈಗಲೇ ಎದ್ದು ಹೋಗಿ ನೋಡಿ. ಗೆರೆ ಎಳೆದರೆ ಕೋಣೆ ರಟ್ಟಿನ ಡಬ್ಬ ಆಗುತ್ತದೆ. ನೆರಳಿನ ಗೋಡೆಗೆ ಕಪ್ಪು ಬೆರೆಸಿದರೆ ಸಿಮೆಂಟಿನ ಹಾಗೆ ಸತ್ತುಹೋಗುತ್ತದೆ. ಅದಕ್ಕೇ ಟೈಟೇನಿಯಂ ವೈಟ್‌ಗೆ ಚೂರು ಅಲ್ಟ್ರಾಮರೀನ್ ನೀಲಿ, ಚೂರು ಬರ್ಂಟ್ ಅಂಬರ್ ಕಂದು ಹಾಕುತ್ತೇನೆ. ಕೆಳಗಡೆ ನೆಲದ ಕೆಂಪು ಗೋಡೆಗೆ ಹತ್ತಿರುತ್ತದೆ, ಅದೂ ಬರಬೇಕು. ಬಣ್ಣ ಹಸಿ ಇರುವಾಗಲೇ ಒಣ ಬ್ರಷ್ಷನ್ನು ಮೇಲಿಂದ ಕೆಳಗೆ ಒಂದೇ ಸಲ, ಉಸಿರು ಹಿಡಿದು ಎಳೆಯುತ್ತೇನೆ. ಎರಡನೇ ಸಲ ಎಳೆದರೆ ಕೊಳೆ. ಕೆರೆದು ತೆಗೆದು ಮತ್ತೆ ಶುರು.

ಒಂದು ಮೂಲೆ ನನ್ನ ನಾಲ್ಕು ದಿನ ತಿಂದಿತ್ತು. ಆ ಚಿತ್ರ ನೋಡಿ ಒಬ್ಬರು, "ಒಂದು ಕುರ್ಚಿ, ಅದರಲ್ಲೊಬ್ಬ ಹೆಂಗಸು ಇದ್ದಿದ್ರೆ ತುಂಬಿಕೊಳ್ತಿತ್ತು" ಅಂದರು.

"ಎಲ್ಲಿ?" ಅಂತ ಕೇಳಿದೆ.

ಸರಿಯಾಗಿ ಆ ಮೂಲೆಯ ಮೇಲೇ ಬೆರಳಿಟ್ಟರು.