ಪುಣೆಯೋ, ಬೆಂಗಳೂರೋ

ಪುಣೆಯಲ್ಲೊಂದು ಕೆಲಸಕ್ಕೆ ಕರೆ ಬಂದಿದೆ. ಇವತ್ತು ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನುತ್ತಲೇ ಮೊಬೈಲಿನಲ್ಲಿ ಪುಣೆಯ ಬಾಡಿಗೆ ಮನೆ ಹುಡುಕುತ್ತಿದ್ದೆ. ಬೆರಳಿಗೆ ಬೆಣ್ಣೆ, ಪರದೆಗೂ ಬೆಣ್ಣೆ. ಐಟಿ ಕಂಪನಿಗಳಿರುವ ಹಿಂಜೆವಾಡಿಯ ಮನೆ ಜಾರಿ ಪಕ್ಕದ ವಾಕಡ್‌ಗೆ ಹೋಯಿತು.

"ಪುಣೆ, ಬೆಂಗಳೂರು ಎರಡೂ ಒಂದೇ ರಸ್ತೆಯಲ್ಲಿವೆಯಲ್ಲ, ಅದಕ್ಕೇನು ಇಷ್ಟು ಯೋಚನೆ?" ಎಂದರು ಅಪ್ಪ. ನಿಜವೇ. ನಮ್ಮೂರಿನ ಹೆದ್ದಾರಿ 48ರಲ್ಲಿ ಈ ಕಡೆ ಹೋದರೆ ಬೆಂಗಳೂರು, ಸುಮಾರು 260 ಕಿ.ಮೀ. ಆ ಕಡೆ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆ. ದೂರ ಎರಡು ಪಟ್ಟಿಗೂ ಹೆಚ್ಚು.

ಸಂಬಳ ಪುಣೆಯಲ್ಲಿ ಹೆಚ್ಚು. ವಾಹನ ದಟ್ಟಣೆಯ ಮಾತು ಬಿಡಿ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೆಂದವನಿಗೆ ಹಿಂಜೆವಾಡಿ ಇನ್ನೊಂದು ಬಾಣಲೆ, ಅಷ್ಟೇ.

ಲೆಕ್ಕ ತಪ್ಪುವುದು ಬೇರೆಡೆ. ಸಂಜೆ ಫೋನಿನಲ್ಲಿ ಅಮ್ಮ ಕೆಮ್ಮಿದರೆ, ಬೆಂಗಳೂರಿನಿಂದ ಬೆಳಗಿನ ವಂದೇ ಭಾರತ್ ಹತ್ತಿ ತಿಂಡಿಯ ಹೊತ್ತಿಗೆ ಇಲ್ಲಿರಬಹುದು. ಪುಣೆಯಿಂದಲೂ ರಾತ್ರಿ ಬಸ್ಸಿದೆ. ಮರುರಾತ್ರಿಯೇ ವಾಪಸಾಗಲು ಸೊಂಟ ಒಪ್ಪಬೇಕಲ್ಲ! ಇದನ್ನು ಅಮ್ಮನಿಗೆ ಹೇಳಿದೆ. "ನನ್ನ ಕೆಮ್ಮಿಗೆ ನೀನೇನು ಕಷಾಯವೇ?" ಎಂದರು.

ಸೋಮವಾರ ಉತ್ತರ ಕೊಡಬೇಕು. ಪುಣೆಯಲ್ಲಿರುವ ನಮ್ಮೂರಿನವರೇ, ನಿಜ ಹೇಳಿ: ಹಬ್ಬ ಬಿಟ್ಟು ಬೇರೆ ದಿನಗಳಲ್ಲಿ ಊರಿಗೆ ಬರುತ್ತೀರಾ?