ಶಟರ್ ಕೆಳಗಿದ್ದಾಗ ಕ್ಲಾಂಪ್ ಮುಟ್ಟಬೇಡಿ
ವಿಜಯನಗರದ ಒಂದು ಮನೆ. ಕಾರ್ ನಿಲ್ಲಿಸುವ ಜಾಗಕ್ಕೆ 10 ಅಡಿ ಅಗಲ, 8 ಅಡಿ ಎತ್ತರದ ಶಟರ್. ಶಟರ್ ರಿಪೇರಿ ಮಾಡುವ ನಮ್ಮ ಆಫೀಸಿಗೆ ‘ಎತ್ತಕ್ಕೇ ಆಗ್ತಿಲ್ಲ’ ಅಂತ ಫೋನ್ ಬಂದಿತ್ತು. ಸ್ಪ್ರಿಂಗ್ ಕಟ್ ಆಗಿರಬೇಕು ಅಂದುಕೊಂಡು ಹೊಸದನ್ನೇ ತಗೊಂಡು ಹೋದೆವು.

ಮನೆಯೊಳಗಿನ ಬಾಗಿಲಿಂದ ಹೋಗಿ, ಏಣಿ ಹತ್ತಿ ನೋಡಿದರೆ ಸ್ಪ್ರಿಂಗ್ ಎಲ್ಲ ಸರಿಯಾಗೇ ಇದೆ. ಶಟರ್ ಸುತ್ತಿಕೊಳ್ಳುವ ಮೇಲಿನ ಪೈಪ್ ತಿರುಗದ ಹಾಗೆ ಎರಡೂ ತುದಿಯಲ್ಲಿ ಯು ಆಕಾರದ ಕ್ಲಾಂಪ್ ಹಿಡಿದಿರುತ್ತದೆ. ಎಡಗಡೆ ಕ್ಲಾಂಪಿನ ನಟ್ ಮಾತ್ರ ಬೆರಳಲ್ಲೇ ತಿರುಗುತ್ತಿದೆ. ಅದರ ಮೇಲೆ ಸ್ಪ್ಯಾನರಿನ ಹೊಸ ಗುರುತು.

‘ಸಾರ್, ಇದನ್ನ ಯಾರಾದ್ರೂ ಬಿಚ್ಚಿದ್ರಾ?’

‘ನಾನೇ ಸ್ವಲ್ಪ ಲೂಸ್ ಮಾಡಿದ್ದೆ. ವಿಡಿಯೋದಲ್ಲಿ ಹಾಗೇ ತೋರಿಸಿದ್ರು.’

ಶಟರ್ ಪೂರ್ತಿ ಕೆಳಗಿತ್ತು. ಸ್ಪ್ರಿಂಗಿನ ಒಂದು ತುದಿ ಪೈಪಿಗೆ, ಇನ್ನೊಂದು ಶಟರ್ ಜೊತೆ ತಿರುಗುವ ಚಕ್ರಕ್ಕೆ, ಅಂದರೆ ಪುಲ್ಲಿಗೆ. ಶಟರ್ ಕೆಳಗೆ ಎಳೆದಷ್ಟೂ ಪುಲ್ಲಿ ತಿರುಗಿ ಸ್ಪ್ರಿಂಗ್ ಬಿಗಿಯಾಗುತ್ತದೆ. ಕೆಳಗಿದ್ದಾಗಲೇ ಟೆನ್ಷನ್ ಜಾಸ್ತಿ. ಅಷ್ಟೂ ಬಲವನ್ನು ಈಗ ಬಲಗಡೆಯ ಕ್ಲಾಂಪ್ ಒಂದೇ ಹಿಡಿದಿತ್ತು.

ಅಷ್ಟರಲ್ಲಿ ಪೈಪ್ ‘ಕಿರ್’ ಅಂತು. ಸ್ವಲ್ಪ ಜರುಗಿತು.

ಪೈಪಿಗೆ ರೆಂಚ್ ಕಚ್ಚಿಸಿ, ಜಾರಿದರೂ ಹಿಡಿ ಗೋಡೆಗೆ ತಾಗಿ ನಿಲ್ಲುವ ಹಾಗೆ ಇಟ್ಟೆ. ಮುಖವನ್ನು ಅದರ ದಾರಿಯಿಂದ ಪಕ್ಕಕ್ಕೆ ತಂದೆ. ರೆಂಚಿನ ಹಲ್ಲು ಸವೆದಿತ್ತು, ಕಚ್ಚಿದ್ದು ಗಟ್ಟಿಯಾಗಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನನ್ನ ಜೊತೆ ಬಂದಿದ್ದ ಹುಡುಗ ಇನ್ನೊಂದು ಏಣಿ ಹತ್ತಿ ಎಡಗಡೆ ನಟ್ ಬಿಗಿ ಮಾಡತೊಡಗಿದ. ‘ಅಣ್ಣ, ಬಿಡಬೇಡಿ’ ಅನ್ನುತ್ತಲೇ ಇದ್ದ. ನನಗೆ ಉತ್ತರ ಕೊಡುವಷ್ಟೂ ಉಸಿರಿರಲಿಲ್ಲ. ಕೈ ನಡುಗುತ್ತಿತ್ತು. ಸಾರ್ ಕೆಳಗೆ ಏಣಿ ಹಿಡಿಯಲು ಬಂದರು. ‘ದೂರ ಹೋಗಿ’ ಅಂತ ಕೂಗಿದೆ. ಆ ಪೈಪ್ ಬಿಟ್ಟುಕೊಂಡರೆ ರೆಂಚ್ ಎಲ್ಲಿಗೆ ಹಾರುತ್ತದೆ ಅಂತ ಯಾರೂ ಹೇಳಕ್ಕಾಗಲ್ಲ.

ಎರಡೂ ಕಡೆ ಬಿಗಿಯಾದ ಮೇಲೆ ಎಲ್ಲರೂ ಸೇರಿ ಶಟರ್ ಎತ್ತಿದೆವು. ಕೆಳಗೆ ಆಸರೆಗೆ ಬೇರೊಂದು ಕಬ್ಬಿಣದ ಪೈಪು ಕೊಟ್ಟು, ಮೇಲೆ ಹಗ್ಗ ಕಟ್ಟಿ, ಆಮೇಲೆ ಕೆಲಸ ಶುರು. ಮೊದಲು ಶಟರ್ ಭಾರವಾಗಿದ್ದಕ್ಕೆ ಸ್ಪ್ರಿಂಗ್ ಕಾರಣವೇ ಅಲ್ಲ. ಶಟರಿನ ಅಂಚು ಜಾರುವ ಎರಡೂ ಬದಿಯ ಗೈಡ್ ಚಾನಲ್‌ನಲ್ಲಿ ಹಳೆ ಗ್ರೀಸು, ಧೂಳು ಸೇರಿ ಗಟ್ಟಿಯಾಗಿತ್ತು. ಒಂದು ಕಡೆ ಚಾನಲ್ ಬಗ್ಗಿಯೂ ಇತ್ತು. ಕ್ಲಾಂಪ್ ಸಡಿಲಿಸಿದ ಮೇಲೆ ಪೈಪ್ ಜರುಗಿ ಟೆನ್ಷನ್ ಇಳಿದು, ಭಾರ ಇನ್ನೂ ಹೆಚ್ಚಾಗಿದೆ ಅಷ್ಟೇ. ಚಾನಲ್ ಒರೆಸಿ ತೆಳು ಎಣ್ಣೆ ಹಾಕುವುದನ್ನು ಮನೆಯವರೇ ಮಾಡಬಹುದು. ದಪ್ಪ ಗ್ರೀಸು ಬೇಡ, ಧೂಳು ಹಿಡಿಯುತ್ತೆ.

ಆಮೇಲೆ ಸ್ಪ್ರಿಂಗನ್ನು ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ ಬಂದೆವು. ಸೊಂಟದ ಎತ್ತರಕ್ಕೆ ಎತ್ತಿ ಬಿಟ್ಟರೆ ಶಟರ್ ಅಲ್ಲೇ ನಿಲ್ಲಬೇಕು. ಮೇಲಕ್ಕೆ ಓಡಿದರೆ ಬಿಗಿ ಜಾಸ್ತಿ, ಕೆಳಗೆ ಬಿದ್ದರೆ ಕಡಿಮೆ.

ಒಂದು ರೆಂಚ್ ಪೈಪ್ ಹಿಡಿದಿದ್ದರೆ ಇನ್ನೊಂದರಲ್ಲಿ ಸುತ್ತಬಹುದು. ನಮ್ಮ ಆಫೀಸಿನಲ್ಲಿ ಮಾತ್ರ ಗಾಡಿಗೆ ಒಂದೇ ರೆಂಚ್. ಇನ್ನೊಂದು ಕೇಳಿದರೆ ‘ಇರೋದ್ರಲ್ಲೇ ಮಾಡಿ’ ಅಂತಾರೆ. ಕಡೆಗೆ ನನ್ನ ದುಡ್ಡಲ್ಲೇ ತಗೊಂಡೆ. ಆಫೀಸಿನಲ್ಲಿ ಫೋನ್ ಎತ್ತುವವರು ಅಳತೆ, ವಿಳಾಸ ಬಿಟ್ಟು ಬೇರೇನೂ ಕೇಳಲ್ಲ. ಅದಕ್ಕೆ ಹೊರಡುವ ಮುಂಚೆ ನಾನೇ ಫೋನ್ ಮಾಡುತ್ತೇನೆ: ‘ನೀವೇನಾದ್ರೂ ಬಿಚ್ಚಿದೀರಾ? ಬಿಚ್ಚಿದ್ರೆ ನಾವು ಬರೋವರೆಗೂ ಆ ಕಡೆ ಯಾರನ್ನೂ ಬಿಡಬೇಡಿ.’